ಎಲ್ಲರೂ ಮೆಚ್ಚಿದ ಬಟ್ಟಲು

ಅಮೆರಿಕದ ಯೂಟಾ ರಾಜ್ಯದ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಲೊರೇನ್ ಮೇಡಂ ಮಡಕೆ ಮಾಡುವುದನ್ನು ಕಲಿಸುತ್ತಿದ್ದರು. ಅವರ ತರಗತಿಗೆ ಒಂದು ಪದ್ಧತಿಯಿತ್ತು. ಪ್ರತಿ ಗುರುವಾರ ಎಲ್ಲರೂ ತಂತಮ್ಮ ಹಸಿ ಮಡಕೆಗಳನ್ನು ಮೇಜಿನ ಮೇಲಿಡಬೇಕು, ಉಳಿದವರು ಮುಲಾಜಿಲ್ಲದೆ ತಪ್ಪು ಹೇಳಬೇಕು. ಸರಿಯಿಲ್ಲದ್ದು ಅಲ್ಲೇ ಬಕೆಟ್ಟಿಗೆ ಬಿದ್ದು ಮತ್ತೆ ಮಣ್ಣಾಗುತ್ತಿತ್ತು. ಸುಟ್ಟ ಮೇಲೆ ತಿದ್ದಲಾಗುವುದಿಲ್ಲ, ಬೈಸಿಕೊಳ್ಳುವುದೆಲ್ಲ ಅದಕ್ಕೆ ಮೊದಲೇ ಮುಗಿದುಹೋಗಲಿ ಎಂಬುದು ಮೇಡಂ ವಾದ.

ಮೊದಮೊದಲು ಡಾಲಿನ್ ಎಂಬ ಹುಡುಗನ ಮಡಕೆಗಳಷ್ಟು ಬಕೆಟ್ಟು ಸೇರಿದ್ದು ಬೇರೆ ಯಾರದೂ ಇಲ್ಲ. ಪಕ್ಕದ ಚಕ್ರದಲ್ಲಿ ಕೂರುವ ಬ್ರಿನ್ಲಿಯ ಬಾಯಂತೂ ಕೇಳುವುದೇ ಬೇಡ. "ಏನೋ ಇದು, ನಿಮ್ಮನೆ ಹೋರಿಗೆ ನೀರು ಕುಡ್ಸೋಕಾ?" ಎಂದಿದ್ದಳು ಒಮ್ಮೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಡಾಲಿನ್ನೇ.

ಆಮೇಲೆ ಅವನ ಹುಟ್ಟುಹಬ್ಬ ಬಂತು, ಅಪ್ಪ ಒಂದು ಪಿಸ್ತೂಲು ಕೊಟ್ಟ. ಅವರ ದನದ ಫಾರಂನಲ್ಲಿ ಅಜ್ಜಿ ಕೂಡ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡೇ ಬೇಲಿ ನೋಡಲು ಹೋಗುವವಳು. ಕನ್ನಡಕ ಹಾಕಿಕೊಂಡಷ್ಟೇ ಸಹಜ ಅವರಿಗೆ. ಅಲ್ಲಿನ ಕಾನೂನಿನಂತೆ ಪರವಾನಗಿ ಇದ್ದವರು ಕಾಲೇಜಿನೊಳಗೂ ಅದನ್ನು ಕಾಣುವಂತೆ ಕಟ್ಟಿಕೊಳ್ಳಬಹುದಿತ್ತು. ಡಾಲಿನ್ ಪರವಾನಗಿ ಮಾಡಿಸಿದ, ಕಟ್ಟಿಕೊಂಡು ಬಂದ. ಯಾರೂ ಏನೂ ಅನ್ನಲಿಲ್ಲ. ಏನೂ ಅನ್ನದಿರುವುದೇ ತೊಂದರೆ ಎಂದು ಆ ಭೂಪನಿಗೆ ಹೊಳೆಯಲು ಬಹಳ ದಿನ ಹಿಡಿಯಿತು.

ಅಲ್ಲಿಂದಾಚೆ ಅವನ ಒಂದು ಮಡಕೆಯೂ ಬಕೆಟ್ಟಿಗೆ ಹೋಗಲಿಲ್ಲ. ಏನಿಟ್ಟರೂ "ಚೆನ್ನಾಗಿದೆ." ಕೈ ಪಳಗಿತು ಎಂದುಕೊಂಡ, ಅಮ್ಮನಿಗೆ ಫೋನ್ ಮಾಡಿ ಕೊಚ್ಚಿಕೊಂಡ. ರಾಜಧಾನಿಯ ದೊಡ್ಡ ಕಲಾಶಾಲೆಗೆ ಸೇರಬೇಕೆಂಬುದು ಅವನ ಕನಸು. ಆ ತಿಂಗಳ ಕೊನೆಗೆ ತನ್ನ ಕೈಯ ಒಂದು ಬಟ್ಟಲನ್ನು ಅಲ್ಲಿಗೆ ಕಳಿಸಬೇಕಿತ್ತು. ಅದು ಮೆಚ್ಚುಗೆಯಾದರೆ ಸೀಟು, ಇಲ್ಲವಾದರೆ ಮತ್ತೆ ದನದ ಫಾರಂ.

ಒಂದು ಗುರುವಾರ ಅವನಿಟ್ಟ ಬಟ್ಟಲು ಎಲ್ಲರ ಕಣ್ಣೆದುರೇ ಒಂದು ಪಕ್ಕಕ್ಕೆ ಕುಸಿಯಿತು. "ಚೆನ್ನಾಗಿದೆ" ಎಂದರು ಎಲ್ಲರೂ. "ಒಂಥರಾ ಹೊಸದಾಗಿದೆ" ಎಂದರು ಮೇಡಂ. ಬ್ರಿನ್ಲಿ ತಲೆಯೆತ್ತದೆ "ಹೂಂ" ಎಂದಳು.

ಎಲ್ಲರೂ ಹೋದ ಮೇಲೆ ಡಾಲಿನ್ ಮೇಡಂ ಹತ್ತಿರ ಹೋದ. "ಕುಸಿದು ಬಿದ್ದಿದ್ದು ಹೇಗ್ ಮೇಡಂ ಚೆನ್ನಾಗಿರತ್ತೆ? ನಿಜ ಹೇಳಿ."

"ನಿಜ ಬೇಕಾ? ನಂಗೆ ಭಯ ಕಣಪ್ಪಾ."

"ನನ್ ಕಂಡ್ರಾ? ನಾನು ಇರುವೆನೂ ತುಳಿಯೋನಲ್ಲ ಮೇಡಂ!"

"ಗೊತ್ತು. ನೀನು ಒಳ್ಳೇ ಹುಡುಗ, ಅದ್ರಲ್ಲಿ ಅನುಮಾನಾನೇ ಇಲ್ಲ. ಆದ್ರೂ ನಿನ್ ಸೊಂಟದಲ್ಲಿರೋದನ್ನ ನೋಡ್ತಿದ್ರೆ ಹೇಳೋಕೆ ಬಾಯಿ ಬರಲ್ಲ."

ಡಾಲಿನ್‌ಗೆ ತುಂಬ ನೋವಾಯಿತು. ಇಷ್ಟು ದಿನ ತನ್ನ ಕೈಗೆ ಸಿಕ್ಕಿದ ಹೊಗಳಿಕೆಯೆಲ್ಲ ಸೊಂಟಕ್ಕೆ ಸಲ್ಲಬೇಕಾದ್ದೇ? ಮುಂದಿನ ಗುರುವಾರ ಪಿಸ್ತೂಲನ್ನು ಮನೆಯಲ್ಲೇ ಬಿಟ್ಟು ಬಂದ. ವಾರವಿಡೀ ಕೂತು ಮಾಡಿದ, ಕಲಾಶಾಲೆಗೆ ಕಳಿಸಬೇಕೆಂದಿದ್ದ ಬಟ್ಟಲನ್ನು ಮೇಜಿನ ಮೇಲಿಟ್ಟ.

"ಇವತ್ತು ನನ್ ಹತ್ರ ಏನೂ ಇಲ್ಲ. ಬಾಯಿಗೆ ಬಂದಂಗೆ ಬೈರಿ."

ಎಲ್ಲರ ಕಣ್ಣು ಅವನ ಖಾಲಿ ಸೊಂಟಕ್ಕೆ ಹೋಯಿತು. ಅಲ್ಲಿಂದ ಅವನ ಕಾಲಬಳಿಯಿದ್ದ ಚೀಲಕ್ಕೆ. "ಚೆನ್ನಾಗಿದೆ" ಎಂದ ಒಬ್ಬ. ಇನ್ನೊಬ್ಬನೂ ಅದನ್ನೇ ಅಂದ. ಡಾಲಿನ್‌ಗೆ ಅರ್ಥವಾಯಿತು. ಅವನು ಚೀಲವನ್ನೆತ್ತಿ ಮೇಜಿನ ಮೇಲೆ ಬೋರಲು ಹಾಕಿದ. ಸ್ಪಂಜು, ಮಣ್ಣು ಕೊಯ್ಯುವ ತಂತಿ, ಅರ್ಧ ತಿಂದ ಸ್ಯಾಂಡ್‌ವಿಚ್ ಬಿದ್ದವು. ಯಾರೂ ನಗಲಿಲ್ಲ.

"ಬ್ರಿನ್ಲಿ, ನೀನಾದ್ರೂ ಹೇಳೇ. ಇದನ್ನ ಕಳಿಸ್ಲಾ ಬೇಡ್ವಾ?"

ಅವಳು ಬಟ್ಟಲನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು, ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು. ಹೇಳುವುದಕ್ಕೆ ಏನೋ ಇತ್ತು, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

"ಮುಂದಿನ ವಾರ ಮತ್ತೆ ಕಟ್ಕೊಂಡ್ ಬರ್ತೀಯಾ?"

"ಅಪ್ಪ ಕೊಟ್ಟಿದ್ದು ಕಣೇ ಅದು. ನನ್ ಹಕ್ಕು."

"ಅಲ್ಲ ಅಂದ್ನಾ? ಬರ್ತೀಯೋ ಇಲ್ವೋ, ಅಷ್ಟು ಹೇಳು."

"ಬಂದ್ರೆ?"

"ಬಂದ್ರೆ ನಿನ್ ಬಟ್ಟಲು ತುಂಬಾ ಚೆನ್ನಾಗಿದೆ" ಎಂದು ಹೇಳಿ ಬ್ರಿನ್ಲಿ ತನ್ನ ಚಕ್ರದ ಕಡೆ ತಿರುಗಿದಳು.