ಕಿಟಕಿ ಪಕ್ಕದ ನಾಲ್ಕನೇ ಬೆಡ್

ಮಗಳ ಫೋನು ಬಂದಾಗ ಯಜಮಾನರು ಒಂದು ದಪ್ಪ ನಿಘಂಟಿನ ಬೆನ್ನಿಗೆ ಅಂಟು ಸವರುತ್ತಿದ್ದರು. "ಅಪ್ಪ, ಎಲ್ಲ ಬಿಟ್ಟು ಬಾ" ಎಂದಷ್ಟೇ ಹೇಳಿ ಅವಳು ಅಳತೊಡಗಿದಳು. ಕೈಗೆ ಮೆತ್ತಿದ್ದ ಅಂಟನ್ನು ಒರೆಸಿಕೊಳ್ಳುವುದನ್ನೂ ಮರೆತು ಅವರು ಬೈಂಡಿಂಗ್ ಅಂಗಡಿಯಿಂದ ಬೀದಿಗಿಳಿದರು. ಒಂದೂವರೆ ಗಂಟೆಯ ಹಿಂದೆಯಷ್ಟೇ ಆಸ್ಪತ್ರೆಯಲ್ಲಿ ಹೆಂಡತಿಯನ್ನು ಮಾತಾಡಿಸಿಕೊಂಡು ಬಂದಿದ್ದರು. ಆಕೆಯ ಕಾಲಿನ ಗಾಯ ಮಾಗಿತ್ತು. ಗುರುವಾರ ಮನೆಗೆ ಹೋಗಬಹುದೆಂದು ಡಾಕ್ಟರು ಹೇಳಿದ್ದರು. ಯಜಮಾನರು ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುಖ್ಯ ವೈದ್ಯರು ಏನನ್ನೂ ಮುಚ್ಚಿಡಲಿಲ್ಲ. "ಬೇರೆಯವರಿಗೆ ಕೊಡಬೇಕಾದ ಇಂಜೆಕ್ಷನ್ ಇವರಿಗೆ ಕೊಟ್ಟುಬಿಟ್ಟಿದ್ದಾರೆ. ಅದು ಇವರ ಮೈಗೆ ಒಗ್ಗದ ಔಷಧಿ. ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಕೊಟ್ಟ ಸಿಸ್ಟರನ್ನ ಅಮಾನತು ಮಾಡಿದ್ದೀವಿ" ಎಂದು ತಲೆ ತಗ್ಗಿಸಿದರು. ಮಗಳು ಗೋಡೆಗೆ ಹಣೆ ಚಚ್ಚಿಕೊಂಡಳು. ಯಜಮಾನರು ವಾರ್ಡಿನೊಳಗೆ ನೋಡಿದರು. ಕೆಂಪು ಶಾಯಿಯ ಆ ಚೀಟಿ ಒಂಬತ್ತನೇ ಬೆಡ್ಡಿನ ತಲೆದೆಸೆಯಲ್ಲಿ ತೂಗುತ್ತಿತ್ತು. ಹೆಂಡತಿ ಕಣ್ಣು ಮುಚ್ಚಿದ್ದು ನಾಲ್ಕನೇ ಬೆಡ್ಡಿನಲ್ಲಿ.

ಅವರನ್ನು ಒಂಬತ್ತರಿಂದ ಅಲ್ಲಿಗೆ ಸಾಗಿಸಿದವರು ತಾವೇ ಎಂಬುದನ್ನು ಯಜಮಾನರು ಯಾರಿಗೂ ಹೇಳಿರಲಿಲ್ಲ. ಗೋಡೆ ನೋಡಿ ನೋಡಿ ಸಾಕಾಯಿತು ಎಂದು ಹೆಂಡತಿ ಗೊಣಗಿದ್ದರು. ಕಿಟಕಿಯ ಪಕ್ಕದ ಅಜ್ಜಿಗೋ ಮುಖಕ್ಕೆ ಬಿಸಿಲು ಹೊಡೆಯುತ್ತದೆ ಎಂಬ ತಕರಾರು. ಯಜಮಾನರು ಅಂದು ಬೆಳಿಗ್ಗೆ ಆಯಾಳನ್ನು ಬೇಡಿಕೊಂಡು ಇಬ್ಬರನ್ನೂ ಅದಲುಬದಲು ಮಾಡಿಸಿದ್ದರು. ಎಲ್ಲರಿಗೂ ಸಂತೋಷವಾಗಿತ್ತು. ಚೀಟಿಗಳು ಮಾತ್ರ ಇದ್ದಲ್ಲೇ ಉಳಿದವು.

ನಾಲ್ಕು ತಿಂಗಳು ಅವರು ದಿನವೂ ದೇವರ ಮುಂದೆ ಕುಳಿತರು. ಮಗಳ ಮುಂದೆ ಕೂರಲು ಧೈರ್ಯ ಬರಲಿಲ್ಲ. ಗೊತ್ತಾದರೆ ಇದ್ದೊಬ್ಬ ಮಗಳೂ ಕೈಬಿಟ್ಟಾಳು ಎಂಬ ಭಯ.

ಆಗ ಆರೋಗ್ಯ ಇಲಾಖೆಯಿಂದ ಪತ್ರ ಬಂತು. ಆಸ್ಪತ್ರೆಗಳಲ್ಲಾಗುವ ತಪ್ಪುಗಳನ್ನು ತಡೆಯಲು ಸರ್ಕಾರ ಹೊಸ ಕ್ರಮವೊಂದನ್ನು ತಂದಿತ್ತು. ತಪ್ಪು ಯಾರದು ಎನ್ನುವುದಕ್ಕಿಂತ ಮೊದಲು ಅದು ಹೇಗಾಯಿತು ಎಂದು ವಿಚಾರಿಸುತ್ತಾರೆ. ನಿಜ ಹೇಳಿದ ಕಾರಣಕ್ಕೆ ಯಾರ ಕೆಲಸವೂ ಹೋಗುವುದಿಲ್ಲ. ತಿಳಿದುಬಂದದ್ದು ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಆದೇಶವಾಗುತ್ತದೆ. ಮನೆಯವರೂ ಬಂದು ಕೂರಬೇಕು.

"ಹೇಗಾಯ್ತು ಅಂತೆ! ಕಣ್ಣು ಬಿಟ್ಟು ನೋಡಲಿಲ್ಲ, ಆಯ್ತು" ಎಂದಳು ಮಗಳು. "ಆ ಸಿಸ್ಟರ್ ಮತ್ತೆ ಬಿಳಿ ಬಟ್ಟೆ ಹಾಕಬಾರದು. ಅದನ್ನ ಹೇಳೋಕೇ ನಾನು ಬರೋದು. ನೀನು ಸುಮ್ನೆ ಕೂತಿರು, ನಾನು ಮಾತಾಡ್ತೀನಿ."

"ಹೂಂ" ಎಂದರು ಯಜಮಾನರು.

ಸಭೆ ನಡೆದದ್ದು ನರ್ಸುಗಳಿಗೆ ಪಾಠ ಹೇಳುವ ಕೋಣೆಯಲ್ಲಿ. ಇಲಾಖೆಯ ಅಧಿಕಾರಿ ಕುಳ್ಳನೆಯ ಹೆಂಗಸು, ನಿಂತಲ್ಲಿ ನಿಲ್ಲುವವರಲ್ಲ. ಬಂದವರೇ ಕಪ್ಪುಹಲಗೆಯ ಮೇಲೆ ವಾರ್ಡಿನ ಹನ್ನೆರಡು ಬೆಡ್ಡುಗಳನ್ನು ಬರೆದರು. "ಇವತ್ತು ಇಲ್ಲಿ ಯಾರ ತಲೆಯೂ ಉರುಳಲ್ಲ. ಬಾಯಿ ಬಿಟ್ಟು ಮಾತಾಡಿ" ಎಂದರು.

"ಬಾಯಿ ಬಿಟ್ಟು ಅಭ್ಯಾಸ ಇರೋದು ಹಲ್ಲಿನ ಡಾಕ್ಟರ ಹತ್ರ ಮಾತ್ರ, ಮೇಡಂ" ಎಂದಳು ಆಯಾ. ನಾಲ್ಕು ಜನ ನಕ್ಕರು. ಕೊನೆಯ ಸಾಲಿನಲ್ಲಿ ಸಾದಾ ಸೀರೆಯುಟ್ಟು ಕುಳಿತಿದ್ದ ಸಿಸ್ಟರ್ ನಗಲಿಲ್ಲ.

ಅಧಿಕಾರಿ ಒಂದೊಂದಾಗಿ ಕೇಳುತ್ತ ಹೋದರು. ಎಂಟು ಗಂಟೆಗೆ ಔಷಧಿಯ ಪಟ್ಟಿ ಬರೆಯುತ್ತಾರೆ. ಪಟ್ಟಿಯಲ್ಲಿ ಬೆಡ್ ನಂಬರು, ಎದುರಿಗೆ ಔಷಧಿ. ವಾರ್ಡಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಎರಡಕ್ಕೆ ಜ್ವರ ಬಿಟ್ಟಿದೆ, ಏಳು ಊಟ ಮಾಡಲಿಲ್ಲ ಎಂದೇ ಮಾತು. ಇಪ್ಪತ್ತು ವರ್ಷದಿಂದ ಹಾಗೇ ನಡೆದಿದೆ.

"ಸರಿ. ಆದರೆ ಒಂಬತ್ತರಲ್ಲಿದ್ದ ತಾಯಿ ನಾಲ್ಕಕ್ಕೆ ಹೇಗೆ ಬಂದರು?"

ಆಯಾ ನೆಲ ನೋಡಿದಳು. ಮುಖ್ಯ ವೈದ್ಯರು, "ಅದೊಂದು ಗೊತ್ತಾಗಿಲ್ಲ ಮೇಡಂ" ಎಂದರು.

"ಗೊತ್ತಾಗದಿದ್ದರೆ ನಾನು ಏನಂತ ಬರೀಲಿ? ಸಿಸ್ಟರ್ ಅಜಾಗರೂಕತೆ ಅಂತ ಬರೆದು ಫೈಲು ಮುಚ್ಚಬೇಕು. ಆದೇಶವೂ ಇಲ್ಲ, ಏನೂ ಇಲ್ಲ." ಅಧಿಕಾರಿ ಸೀಮೆಸುಣ್ಣವನ್ನು ಹಲಗೆಯ ಕೆಳಗಿಟ್ಟು ಕೈ ಕೊಡವಿಕೊಂಡರು.

ಮಗಳು ಬೆನ್ನು ನೆಟ್ಟಗೆ ಮಾಡಿದಳು. ಅವಳು ಕೇಳಬೇಕೆಂದಿದ್ದುದು ಇದೇ. ಯಜಮಾನರು ಮನಸ್ಸಿನಲ್ಲೇ ದೇವರನ್ನು ನೆನೆದರು, ಎದುರಿನ ಬೆಂಚನ್ನು ಹಿಡಿದು ಎದ್ದರು.

"ಏನಪ್ಪ? ಕೂತ್ಕೋ" ಎಂದಳು ಮಗಳು.

"ನಾನು ಮಾಡಿಸಿದ್ದು, ಮೇಡಂ" ಎಂದರು. ಮೊದಲ ಮಾತು ಹೊರಬಿದ್ದ ಮೇಲೆ ಉಳಿದದ್ದು ತಾನಾಗಿ ಹರಿಯಿತು. ಹೆಂಡತಿಯ ಗೊಣಗಾಟ, ಅಜ್ಜಿಯ ಬಿಸಿಲು, ತಾವು ಹಲ್ಲು ಗಿಂಜಿದ್ದು, ಎಲ್ಲವನ್ನೂ ಹೇಳಿದರು. "ಆಯಮ್ಮನ್ನ ಬೈಬೇಡಿ. ಬೇಡ ಬೇಡ ಅಂದರೂ ನಾನೇ ಕಾಡಿದೆ."

ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಆಯಾ ದಡಕ್ಕನೆ ಎದ್ದಳು. "ಹೌದು ಮೇಡಂ! ಇವರೊಬ್ಬರಿಗೇ ಅಲ್ಲ, ವಾರಕ್ಕೆ ಎರಡು ಸಲ ಬದಲಾಯಿಸ್ತೀವಿ. ಫ್ಯಾನು ಬೇಕು ಅಂತಾರೆ, ಬಾತ್ ರೂಮು ಹತ್ತಿರ ಬೇಕು ಅಂತಾರೆ. ಪಾಪ ಅನ್ಸುತ್ತೆ, ಮಾಡ್ತೀವಿ. ಪಟ್ಟಿ ಬರೆಯೋರಿಗೆ ಹೇಳೋರು ಯಾರು?"

ಕೊನೆಯ ಸಾಲಿನಿಂದ ಸಿಸ್ಟರ್ ದನಿ ಬಂತು. "ನಾನು ಕೇಳಿದೆ, ಮೇಡಂ. ಸೂಜಿ ಹಿಡಿದು, ನಾಲ್ಕು ತಾನೇ ಅಂತ ಕೇಳಿದೆ. ಅವರು ನಕ್ಕರು. 'ಹೂಂ ಕಣಮ್ಮ, ಇವತ್ತಿಂದ ನಾನೇ ನಾಲ್ಕು' ಅಂದರು. ಹೆಸರು ಕೇಳಿದ್ದರೆ..." ಪಕ್ಕದಲ್ಲಿದ್ದವಳು ಅವಳ ಕೈ ಹಿಡಿದುಕೊಂಡಳು.

ಆಮೇಲೆ ಸಭೆ ಸಭೆಯಾಗಿ ಉಳಿಯಲಿಲ್ಲ. ಒಬ್ಬ ನರ್ಸ್ ತನ್ನ ಕೈಯಿಂದಲೂ ಹೀಗೇ ಮಾತ್ರೆ ತಪ್ಪಿದ್ದನ್ನು, ದೇವರ ದಯೆಯಿಂದ ಏನೂ ಆಗದ್ದನ್ನು ಹೇಳಿದಳು. ಇನ್ನೊಬ್ಬಳು ಮೂರು ಸಲ ಎಂದಳು. ಅಧಿಕಾರಿ ಮತ್ತೆ ಸೀಮೆಸುಣ್ಣ ಎತ್ತಿಕೊಂಡು, "ಒಬ್ಬೊಬ್ಬರಾಗಿ! ನನಗಿರೋದು ಒಂದೇ ಕೈ!" ಎಂದು ಕೂಗುತ್ತ ಬರೆದರು. ಹಲಗೆ ತುಂಬಿತು, ಪಕ್ಕದ ಕೋಣೆಯಿಂದ ಇನ್ನೊಂದನ್ನು ತಂದರು.

ಯಜಮಾನರು ಇನ್ನೂ ನಿಂತೇ ಇದ್ದರು. "ಒಂದು ಮಾತು, ಮೇಡಂ. ನಾನು ಬೈಂಡಿಂಗ್ ಕೆಲಸದವನು. ಪುಸ್ತಕ ಹೊಲಿಯುವಾಗ ಹಾಳೆಗಳು ಎಲ್ಲೆಲ್ಲೋ ಬಿದ್ದಿರ್ತವೆ. ಆದರೂ ತಪ್ಪಲ್ಲ. ಯಾಕೆ ಅಂದರೆ ನಂಬರು ಹಾಳೆ ಮೇಲೇ ಇರುತ್ತೆ, ಹಾಳೆ ಇಟ್ಟ ಮೇಜಿನ ಮೇಲೆ ಇರಲ್ಲ. ನೀವು ಮೇಜಿಗೆ ನಂಬರು ಹಾಕಿದ್ದೀರಿ."

ಅಧಿಕಾರಿಯ ಕೈ ನಿಂತಿತು. "ಇನ್ನೊಂದು ಸಲ ಹೇಳಿ, ಯಜಮಾನರೇ. ಇದ್ದದ್ದು ಇದ್ದ ಹಾಗೆ ಬರ್ಕೋತೀನಿ."

ಅರ್ಧ ಗಂಟೆಯಲ್ಲಿ ಆದೇಶದ ಕರಡು ಸಿದ್ಧವಾಯಿತು. ಪ್ರತಿ ರೋಗಿಯ ಮಣಿಕಟ್ಟಿಗೆ ಪಟ್ಟಿ. ಅದರ ಮೇಲೆ ಹೆಸರು, ಒಗ್ಗದ ಔಷಧಿ. ಸೂಜಿ ಹಿಡಿದವರು ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಬೇಕು. ಸಿಸ್ಟರ ಅಮಾನತು ಅಲ್ಲೇ ರದ್ದಾಯಿತು. "ಮುದ್ರೆ ಬೀಳೋಕೆ ಹದಿನೈದು ದಿನ ಬೇಕು" ಎಂದರು ಮುಖ್ಯ ವೈದ್ಯರು. "ಮುದ್ರೆ ಆಮೇಲೆ ಬೀಳಲಿ. ಗಾಯಕ್ಕೆ ಕಟ್ಟೋ ಬಟ್ಟೆ ಇಲ್ವಾ ನಿಮ್ಮಲ್ಲಿ? ಪೆನ್ನು ಇಲ್ವಾ? ನಡೀರಿ" ಎಂದು ಅಧಿಕಾರಿ ಹೊರಟೇಬಿಟ್ಟರು.

ಎಲ್ಲರೂ ದಡಬಡನೆ ವಾರ್ಡಿಗೆ ನುಗ್ಗಿದರು. ಮೊದಲ ಪಟ್ಟಿಯನ್ನು ಮೂರನೇ ಬೆಡ್ಡಿನ ಮುದುಕಿಗೆ ಕಟ್ಟುವಂತೆ ಅಧಿಕಾರಿ ಆ ಸಿಸ್ಟರಿಗೇ ಹೇಳಿದರು. ಸಿಸ್ಟರ್ ಎರಡು ಸಲ ಕಟ್ಟಿದರೂ ಗಂಟು ಕೂರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳು ಮುಂದೆ ಬಂದು ಪಟ್ಟಿಯ ಒಂದು ತುದಿಯನ್ನು ಒತ್ತಿ ಹಿಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಅಜ್ಜಿ, ನಿಮ್ಮ ಹೆಸರು ಹೇಳಿ."

"ಹತ್ತು ದಿನದಿಂದ ಸೂಜಿ ಚುಚ್ತಿದ್ದೀರಿ, ಇವತ್ತು ಹೆಸರು ಕೇಳ್ತೀರಾ? ಪರವಾಗಿಲ್ಲ, ಬೇಗ ಪರಿಚಯ ಆಯ್ತು!" ಎಂದು ಮುದುಕಿ ಬೊಚ್ಚುಬಾಯಿ ತೆರೆದು, ತನ್ನ ಹೆಸರನ್ನು ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದಳು. ಪಕ್ಕದ ಬೆಡ್ಡಿನವರು ಕೇಳುವ ಮೊದಲೇ ತಮ್ಮ ಹೆಸರು ಕೂಗಿದರು. ಆ ಕಡೆಯಿಂದ ಇನ್ನೊಬ್ಬರು. ವಾರ್ಡು ತುಂಬ ಹೆಸರುಗಳೇ ಹೆಸರುಗಳು.

ಮಗಳು ಅಪ್ಪನ ಬಳಿ ಬಂದಳು. "ನಾಲ್ಕು ತಿಂಗಳು ಒಬ್ಬನೇ ಇಟ್ಕೊಂಡಿದ್ದೆಯಲ್ಲ, ಎಂಥವನಪ್ಪ ನೀನು" ಎಂದಳು. ದನಿಯಲ್ಲಿ ಸಿಟ್ಟಿತ್ತು. ಸಿಟ್ಟಿನಲ್ಲೇ ಅವರ ತೋಳು ಹಿಡಿದು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾನೂ ಒತ್ತಿಕೊಂಡು ಕುಳಿತಳು.

ಯಜಮಾನರು ಕಣ್ಣು ಮುಚ್ಚಿ ಕೈ ಮುಗಿದರು. ಮದುವೆಯಾದಂದಿನಿಂದ ಹೆಂಡತಿಯನ್ನು 'ಇಲ್ಲಿ ಕೇಳು' ಎಂದೇ ಕರೆದವರು ಅವರು. ಇವತ್ತು ಆಕೆಯ ಹೆಸರನ್ನು ಪೂರ್ತಿಯಾಗಿ, ಮಗಳಿಗೂ ಕೇಳಿಸುವಂತೆ ಉಚ್ಚರಿಸಿದರು. "ತಂದೆ, ಇವಳು ನಿನ್ನ ಬಳಿಗೆ ಬಂದಿದ್ದಾಳೆ. ಇವಳ ದಣಿವು ಆರಲಿ. ಇವಳಿಗೆ ಶಾಂತಿ ಕೊಡು."