ಬಿಳಿ ಪಂಚೆಯ ಮೇಲೆ

ಮೊದಲ ಕೊಡಲಿ ಏಟು ಕೇಳಿಸಿದಾಗ ಕಸ್ತೂರಮ್ಮ ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಮೂರು ಬೆರಳುಗಳು ಹುಬ್ಬಿನ ಮೇಲೆ ಹಾಗೇ ನಿಂತವು. ರೇಣುಕಪ್ರಸಾದನನ್ನು ನಸುಕಿನಲ್ಲೇ ಮೀಯಿಸಿ, ಹೊಸ ಬಿಳಿ ಪಂಚೆ ಉಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ವಾಲದಿರಲೆಂದು ಎದೆಗೆ ಬಟ್ಟೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಬದುಕಿದ್ದಾಗ ಸದಾ ಯಾವುದಾದರೊಂದರ ಮೇಲೆ ಬಗ್ಗಿಕೊಂಡೇ ಇರುತ್ತಿದ್ದ ಮನುಷ್ಯ ಈಗ ಮದುವೆ ಗಂಡಿನ ಹಾಗೆ ನೆಟ್ಟಗೆ ಕುಳಿತಿದ್ದ.

ಮತ್ತೊಂದು ಏಟು ಬಿತ್ತು. ಮನೆಯ ಹಿಂದಿನ ಹೊಲದ ಕಡೆಯಿಂದ.

"ಏನು ಕಡೀತಾ ಇದಾರೆ ಗಾದ್ರಮ್ಮ?"

ಪಕ್ಕದ ಹೊಲದ ಗಾದ್ರಮ್ಮ ಬೆಳಗಿನಿಂದ ಇವಳ ಮಗ್ಗುಲಲ್ಲೇ ಕುಳಿತಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಗುಣಿ ತೋಡಾಕೆ ಜಾಗ ಮಾಡ್ತಾ ಅವ್ರೆ ಕಣಕ್ಕ. ಸೇಬಿನ ಗಿಡ ಅಡ್ಡ ಬಂತಂತೆ. ನಿಮ್ಮ ಭಾವನೋರು ಹೇಳಿದ್ರು."

ಹೊಲದ ಮೂಲೆಯಲ್ಲಿ ಹಿರಿಯರ ಸಮಾಧಿಗಳ ಸಾಲಿದೆ. ಅಜ್ಜ, ಆಮೇಲೆ ಅಪ್ಪ, ಆಮೇಲೆ ಅವ್ವ. ಅವ್ವನ ಪಕ್ಕದ ಜಾಗ ಮುಂಚೆ ತೀರಿಹೋಗುವ ಮಗನದ್ದು ಅಂತ ಮೊದಲಿನಿಂದಲೂ ಮಾತು. ಆ ಜಾಗದಲ್ಲೇ ರೇಣುಕಪ್ರಸಾದ ಸೇಬಿನ ಗಿಡ ನೆಟ್ಟಿದ್ದ. ಅಲ್ಲಿ ಮಣ್ಣು ಮೆತ್ತಗಿದೆ, ತೊಟ್ಟಿಯಿಂದ ಹರಿದ ನೀರು ತಾನಾಗಿಯೇ ಹೋಗುತ್ತದೆ ಅನ್ನುವುದು ಬಿಟ್ಟರೆ ಬೇರೆ ಯೋಚನೆ ಆತನಿಗೆ ಬಂದಿರಲಿಲ್ಲ. ಸಾವಿನ ಯೋಚನೆಯಂತೂ ಇಲ್ಲವೇ ಇಲ್ಲ.

ಕಸ್ತೂರಮ್ಮ ಏಳಲು ಹೋದಳು. ಹೊನ್ನಾಳಿಯಿಂದ ಬಂದಿದ್ದ ನಾದಿನಿ ಸಂಧ್ಯಾರಾಣಿ ರಟ್ಟೆ ಹಿಡಿದಳು.

"ಅತ್ತಿಗೇ, ಎಲ್ಲಿಗೆ? ಅಣ್ಣನ್ನ ಎತ್ಕೊಂಡು ಹೋಗೋ ಮಟ ನೀವು ಪಕ್ಕ ಬಿಟ್ಟು ಏಳಂಗಿಲ್ಲ."

ಅವಳು ಮತ್ತೆ ಕುಳಿತಳು. ಮೂರನೆಯ ಏಟು ಎದೆಗೇ ಬಿದ್ದ ಹಾಗಾಯಿತು.

* * *

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಪಕ್ಕದ ಓಣಿಯಲ್ಲಿ ರೇಣುಕಪ್ರಸಾದನ ಗಡಿಯಾರ ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ದೀಪ. ಅಡಿಕೆ ಮಾರಲು ಬಂದವರು ನಿಂತ ಗಡಿಯಾರ ಕೊಟ್ಟು ಹೋಗಿ, ವ್ಯಾಪಾರ ಮುಗಿಸಿ ಬರುವಷ್ಟರಲ್ಲಿ ಅದು ನಡೆಯುತ್ತಿರುತ್ತಿತ್ತು. ನ್ಯಾಮತಿಯಿಂದ ಮದುವೆಯಾಗಿ ಬಂದ ಕಸ್ತೂರಮ್ಮ ಮಧ್ಯಾಹ್ನ ಬುತ್ತಿ ಒಯ್ದರೆ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಗಂಡ ತಲೆ ಎತ್ತದೆ "ಇಡು" ಅನ್ನುತ್ತಿದ್ದ. ಅಷ್ಟೇ.

ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ಕುಡಿದವನಲ್ಲ, ಮಕ್ಕಳಾಗಲಿಲ್ಲ ಅಂತ ಒಂದು ದಿನವೂ ಚುಚ್ಚಿದವನಲ್ಲ. ಆದರೆ ಯಾರದೋ ಹೆಂಗಸಿನ ಕೈಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಆತ ಉಸಿರು ಬಿಗಿಹಿಡಿದು ನೋಡುವುದನ್ನು ಕಂಡಾಗ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ತನ್ನ ಮುಖವನ್ನು ಒಮ್ಮೆಯಾದರೂ ಹಾಗೆ ನೋಡಿದ್ದನೇ? ಗಡಿಯಾರದ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಡತಿ ಚನ್ನಗಿರಿಯಲ್ಲೆಲ್ಲ ತಾನೊಬ್ಬಳೇ ಇರಬೇಕು ಅಂತ ಅವಳಿಗೇ ನಗು ಬರುತ್ತಿತ್ತು.

ಮೊಬೈಲು ಬಂತು. ಹೊತ್ತು ನೋಡಲು ಜನ ಕೈ ತಿರುಗಿಸುವುದನ್ನು ಬಿಟ್ಟು ಜೇಬಿಗೆ ಕೈ ಹಾಕತೊಡಗಿದರು. ಆತ ಅಂಗಡಿಗೆ ಬೀಗ ಹಾಕಿ, ಹುಟ್ಟೂರು ಬಿಳಿಚೋಡಿನ ತನ್ನ ಪಾಲಿನ ಹೊಲಕ್ಕೆ ಬಂದ. ಬರುವಾಗ ಭೂತಗನ್ನಡಿ ಜೇಬಿನಲ್ಲೇ ಇತ್ತು.

ಸೇಬಿನ ಹುಚ್ಚು ಎಲ್ಲಿಂದ ಹಿಡಿಯಿತೋ. ಬಿಸಿಲ ಸೀಮೆಗೂ ಆಗುವ ತಳಿ ಬಂದಿದೆಯಂತೆ ಅಂತ ದಾವಣಗೆರೆಯಿಂದ ಸಸಿ ತಂದ. "ಮೆಕ್ಕೆಜೋಳದ ನಾಡಾಗೆ ಕಾಶ್ಮೀರ ಮಾಡಾಕೆ ಹೊಂಟವ್ನೆ" ಎಂದು ಅಣ್ಣ ಬಸವರಾಜಪ್ಪ ಕಟ್ಟೆಯ ಮೇಲೆ ಎಲ್ಲರನ್ನೂ ನಗಿಸಿದ. ತಂದ ಸಸಿಗಳಲ್ಲಿ ಉಳಿದದ್ದು ಒಂದೇ. ಆ ಒಂದಕ್ಕೆ ಲೋಕದ ಹುಳವೆಲ್ಲ ಬಂದು ಮುತ್ತಿತು.

ಒಂದು ಸಲ ಕೊಂಬೆಯ ಸಂದಿಯಲ್ಲಿ ಬೆಳ್ಳಗೆ ಏನೋ ಕಾಣಿಸಿಕೊಂಡಿತು. ಮೊದಲು ಕಂಡವಳು ಗಾದ್ರಮ್ಮ. "ಯಣ್ಣಾ, ಹಿರಿಯರ ಸಮಾಧಿ ಮಗ್ಗುಲಿನ ಗಿಡ, ವಿಭೂತಿ ಹುಟ್ಟೈತೆ!" ಎಂದು ಓಣಿಗೆಲ್ಲ ಸಾರಿ ಬಂದಳು. ಊದುಬತ್ತಿ ಹಚ್ಚಿದರು, ಕಾಯಿ ಒಡೆದರು. ಒಬ್ಬಿಬ್ಬರು ಚೂರು ಕೆರೆದು ಹಣೆಗೂ ಹಚ್ಚಿಕೊಂಡರು. ರೇಣುಕಪ್ರಸಾದ ಭೂತಗನ್ನಡಿಯನ್ನು ಗಾದ್ರಮ್ಮನ ಕಣ್ಣಿಗೆ ಹಿಡಿದ. "ಅಯ್ಯೋ ಶಿವನೇ, ಹೇನು!" ಎಂದು ಅವಳು ಹಾರಿಬಿದ್ದಳು. ಉಣ್ಣೆ ಹೊದ್ದ ಹೇನು. ಹಿಸುಕಿದರೆ ಬೆರಳೆಲ್ಲ ಕೆಂಪು. ವಿಭೂತಿ ಹಚ್ಚಿಕೊಂಡವರು ಹಣೆ ತೊಳೆಯಲು ತೊಟ್ಟಿಗೆ ಓಡಿದ್ದನ್ನು ನೆನೆದು ಗಂಡ ಹೆಂಡತಿ ಎಷ್ಟೋ ದಿನ ಊಟದ ಮಧ್ಯೆ ನಕ್ಕಿದ್ದರು.

* * *

ಕೊಡಲಿಯ ಸದ್ದು ನಿಂತಿತ್ತು. ಅಂಗಳಕ್ಕೆ ನೀರು ಕುಡಿಯಲು ಬಂದವನು ಬಸವರಾಜಪ್ಪನ ಮಗ ವಿನಯ್ ಕುಮಾರ್. ಮುಖದ ಮೇಲೆ ಮರದ ಚಕ್ಕೆ ಅಂಟಿತ್ತು.

"ಬಿತ್ತೇನಪ್ಪ?" ಎಂದು ಕಸ್ತೂರಮ್ಮ ಕುಳಿತಲ್ಲಿಂದಲೇ ಕೇಳಿದಳು.

ಅವನು ತಲೆ ತಗ್ಗಿಸಿದ. "ಇಲ್ಲ ಚಿಕ್ಕಮ್ಮ. ಒಂದು ಕೊಂಬೆ ಅಷ್ಟೇ ತೆಗ್ದೀವಿ. ಬುಡಕ್ಕೆ ಈಗ ಹಾಕ್ಬೇಕು. ಸಣ್ಣ ಸಣ್ಣ ಕಾಯಿ ಕಚ್ಚಿದ್ವು... ನಂಗೂ ಒಂಥರಾ ಆತು. ಅಪ್ಪ ಕೇಳಲ್ಲ."

"ಮುರುಟಿದ ಎಲೆ, ಅರ್ಧ ಗಿಡ ಹುಳ ತಿಂದೈತೆ, ಇದ್ರೆಷ್ಟು ಬಿಟ್ರೆಷ್ಟು ಅತ್ತಿಗೇ" ಎಂದಳು ಸಂಧ್ಯಾರಾಣಿ. ಸಮಾಧಾನಕ್ಕೇ ಹೇಳಿದ ಮಾತು ಅದು.

ಕಸ್ತೂರಮ್ಮ ಗಂಡನ ಮುಖ ನೋಡಿದಳು. ಕಣ್ಣು ಮುಚ್ಚಿತ್ತು. ಈ ಕಣ್ಣು ಮುಚ್ಚಿದ್ದು ಇವತ್ತಲ್ಲ ಎಂದು ಇಲ್ಲಿ ಕುಳಿತ ಯಾರಿಗೂ ಗೊತ್ತಿಲ್ಲ.

* * *

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದದ್ದನ್ನು ಆತ ಯಾರಿಗೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ, ಬಿಸಿಲೇರುವ ಮೊದಲು, ಹಳೆಯ ಬಿಳಿ ಪಂಚೆಯನ್ನು ಕೊಂಬೆಯ ಕೆಳಗೆ ಹರವಿ ಕೋಲಿನಿಂದ ಮೆಲ್ಲಗೆ ತಟ್ಟುತ್ತಿದ್ದ. ಕಣ್ಣಿಗೆ ಕಾಣದ್ದೆಲ್ಲ ಪಂಚೆಗೆ ಉದುರುತ್ತದೆ ಅನ್ನುವುದು ಆತನ ಲೆಕ್ಕ. ಫೋನಿನಲ್ಲಿ ಹಿಮಾಚಲದ ಯಾರೋ ರೈತ ಹಿಂದಿಯಲ್ಲಿ ಹೇಳಿಕೊಟ್ಟದ್ದು. ಅರ್ಧ ಅರ್ಥವಾಗಿತ್ತು, ಉಳಿದರ್ಧ ಇವನೇ ತಡಕಾಡಿ ಕಲಿತ. ಒಂದು ಬೆಳಿಗ್ಗೆ ತಟ್ಟಿ, ಬಗ್ಗಿ, ಬಹಳ ಹೊತ್ತು ನೋಡಿ, ಭೂತಗನ್ನಡಿಯನ್ನು ಹೆಂಡತಿಯ ಕಡೆ ಚಾಚಿದ.

"ನೀನೇ ನೋಡು ಕಸ್ತೂರಿ. ನಂಗೆ ಬರೀ ಪಂಚೆ ಕಾಣ್ತೈತೆ."

ಅವಳ ಕೈಯಲ್ಲಿ ಚಹಾದ ಲೋಟ ಇತ್ತು. ಕೆಳಗಿಟ್ಟಳು. "ನಂಗೇನು ಗೊತ್ತಾಗ್ತೈತ್ರೀ?"

"ಕಣ್ಣಿಗೆ ಸಿಕ್ಕಿಸ್ಕೋ. ಸ್ವಲ್ಪ ಸುಮ್ಕಿರು. ಕದಲದೇ ಬಿದ್ದಿದ್ರೆ ಧೂಳು. ನಿಧಾನಕ್ಕೆ ಹರೀತಾ ಐತಾ? ಬೆನ್ನ ಆಚೆ ಈಚೆ ಕರೀ ಚುಕ್ಕಿ ಐತಾ? ಹಂಗಾದ್ರೆ ಅದು ನುಸಿ, ಎಲೆ ರಸ ಹೀರೋ ಕಳ್ಳ."

"ಚುಕ್ಕಿ ಇಲ್ದಿದ್ದು ಒಂದೈತೆ. ಕೆಂಪಗೆ ಹೊಳೀತಾ ಓಡ್ತಾ ಐತೆ."

ಆತನ ಮುಖ ಅರಳಿತು. "ಅದು ನಮ್ಮೋನು! ಕಳ್ಳನ್ನ ತಿನ್ನಾಕೆ ಬಂದೋನು. ಓಡೋರು ಇದ್ರೆ ಔಷಧಿ ಹೊಡೆಯಾದು ಬ್ಯಾಡ. ಎಲ್ಲಿ, ಎಲ್ಲಿ?"

ಕಾಣುವುದಿಲ್ಲ ಎಂದು ಗೊತ್ತಿದ್ದೂ ಆತ ಬಗ್ಗಿ, ಅವಳ ತಲೆಗೆ ತಲೆ ಆನಿಸಿ, ಅವಳ ಕಣ್ಣಿನ ಮೂಲಕವೇ ನೋಡುವವನ ಹಾಗೆ ನಿಂತ. ಅವನ ಗಡ್ಡ ಅವಳ ಕೆನ್ನೆಗೆ ತಾಗಿತು. ಹಾಡಹಗಲಲ್ಲಿ, ಬಯಲಿನಲ್ಲಿ, ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ. ಅವಳಿಗೆ ಪಂಚೆ, ಚುಕ್ಕಿ ಎಲ್ಲ ಕಲಸಿಹೋಯಿತು.

ಅಂದಿನಿಂದ ಅದೇ ಅವರ ಸಂಸಾರ. ಅವಳು ನೋಡುವುದು, ಹೇಳುವುದು. ಆತ ಕೇಳುವುದು, ಇಂಥದ್ದು ಅಂತ ಹೆಸರಿಡುವುದು. ಕೆಲವು ಬೆಳಿಗ್ಗೆ ಪಂಚೆಯ ಮೇಲೆ ಏನೂ ಇರುತ್ತಿರಲಿಲ್ಲ. ಆತ ತಲೆ ಎತ್ತಲು ಹೋದರೆ ಅವಳು "ಇರ್ರಿ, ಇನ್ನೂ ಒಂದು ಐತೆ" ಅನ್ನುತ್ತಿದ್ದಳು. ಆತ ಮತ್ತೆ ತಲೆ ಆನಿಸುತ್ತಿದ್ದ. ಅದು ಸುಳ್ಳೆಂದು ಆತನಿಗೆ ಗೊತ್ತಿತ್ತೇನೋ. ಯಾವತ್ತೂ "ಯಾವ ಜಾತಿದು?" ಎಂದು ಮಾತ್ರ ಕೇಳಲಿಲ್ಲ.

* * *

ಕಸ್ತೂರಮ್ಮ ಎದ್ದೇಬಿಟ್ಟಳು. ಸಂಧ್ಯಾರಾಣಿ ಕೂಗಿದಳು, ಪಡಸಾಲೆಯಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಗಾದ್ರಮ್ಮ ಮಾತ್ರ ಸರಿದು, ಅವಳು ಬಿಟ್ಟೆದ್ದ ಜಾಗದಲ್ಲಿ ಕುಳಿತಳು. "ನೀ ಹೋಗಿ ಬಾರಕ್ಕ. ಯಣ್ಣನ ಹತ್ರ ನಾನಿರ್ತೀನಿ."

ಬರಿಗಾಲಲ್ಲಿ ಬದು ದಾಟಿ ಬಂದವಳನ್ನು ಕಂಡು ಗಂಡಸರು ಬೆಪ್ಪಾದರು. ಬಸವರಾಜಪ್ಪ ಕೊಡಲಿಯನ್ನು ತಾನೇ ಕೈಗೆ ತೆಗೆದುಕೊಂಡಿದ್ದ. ಕಡಿದ ಕೊಂಬೆ ನೆಲದ ಮೇಲಿತ್ತು, ಗೋಲಿಯಷ್ಟು ದಪ್ಪದ ಕಾಯಿಗಳ ಸಮೇತ.

"ಏನವ್ವಾ ಇದು? ಅವನ್ನ ಬಿಟ್ಟು ಬರೋದಾ? ಮಂದಿ ಏನಂದಾರು?"

ಮದುವೆಯಾದಾಗಿನಿಂದ ಭಾವನ ಎದುರು ತಲೆ ಎತ್ತಿ ಮಾತಾಡಿದವಳಲ್ಲ ಅವಳು. "ಗಿಡ ಕಡೀಬ್ಯಾಡ್ರಿ ಭಾವನೋರೇ."

"ಅವ್ವನ ಪಕ್ಕದ ಜಾಗ ಅವಂದು. ಸಾಲು ತಪ್ಪಿಸಾಕೆ ಬರ್ತೈತಾ? ನಾಳೆ ನಾನು ಸತ್ರೂ ನನ್ನ ಇಲ್ಲೇ ಕೂರಿಸ್ಬೇಕು. ಒಂದು ಹುಳ ಹತ್ತಿದ ಗಿಡಕ್ಕೋಸ್ಕರ..." ಎನ್ನುವಾಗ ಅವನ ದನಿ ಒಡೆಯಿತು. ತಮ್ಮನ ಮೇಲೆ ಅವನಿಗೂ ಪ್ರೀತಿ ಇರಲಿಲ್ಲವೆಂದಲ್ಲ.

"ಈಚೆ ಮಗ್ಗುಲು ತೋಡ್ರಿ. ಗಿಡದ ನೆರಳಿಗೆ ಕೂರಿಸ್ರಿ. ಸಾಲು ತಪ್ಪಿದ ಪಾಪ ನಂಗಿರ್ಲಿ."

"ಅದ್ಯಾಕೆ ಇಷ್ಟು ಹಟ?"

ಅವಳು ಗಿಡದ ಕಾಂಡ ಹಿಡಿದುಕೊಂಡಳು. ಕಡಿದ ಜಾಗದಿಂದ ರಸ ಜಿನುಗಿ ಅಂಗೈಗೆ ಅಂಟಿತು. "ಅವರ ಹತ್ರ ಬರಾಕೆ ನಂಗೊಂದು ನೆಪ ಬೇಕು ಭಾವನೋರೇ. ಬರೀ ಸಮಾಧಿ ಮುಂದೆ ದಿನಾ ಬಂದು ಕುಂತ್ರೆ ನೀವೇ ಎಬ್ಬಿಸ್ತೀರಿ, ಹುಚ್ಚು ಹಿಡೀತು ಅಂತೀರಿ. ಗಿಡ ನೋಡಾಕೆ ಬಂದ್ರೆ ಯಾರೂ ಏನೂ ಅನ್ನಲ್ಲ. ಇದೊಂದು ಬಿಟ್ರೆ ಅವರೂ ನಾನೂ ಮಾತಾಡಿದ ಜಾಗ ಇನ್ನೆಲ್ಲೂ ಇಲ್ಲ."

ಬಸವರಾಜಪ್ಪ ಟವೆಲಿನಿಂದ ಮುಖ ಒರೆಸಿದ. ಒರೆಸುತ್ತಲೇ ಇದ್ದ. ಆಮೇಲೆ ಕೊಡಲಿಯನ್ನು ಬದುವಿನ ಆಚೆ ಎಸೆದು, ಗುಣಿ ತೋಡುವವರ ಮೇಲೆ ರೇಗಿದ.

"ನೋಡ್ತಾ ನಿಂತ್ರೆ ಏನ್ ಬಂತು? ಈಚೆ ಸರೀರಿ. ಬೇರು ನೋಡ್ಕಂಡು ಅಗೀರಿ."

* * *

ಹೊತ್ತು ವಾಲುವಾಗ ಬಿದಿರಿನ ವಿಮಾನ ಹೆಗಲೇರಿ ಹೊರಟಿತು. ಬಾಳೆದಿಂಡು, ಚೆಂಡು ಹೂವಿನ ಅಲಂಕಾರದ ನಡುವೆ ರೇಣುಕಪ್ರಸಾದ ಕುಳಿತೇ ಬಂದ. ಗುಣಿಯ ಅಂಚಿನಲ್ಲಿ ಇಳಿಸುವಾಗ ವಿಮಾನದ ಕಮಾನು ಕೊಂಬೆಗೆ ತಾಗಿ, ಇಡೀ ಗಿಡ ಒಮ್ಮೆ ಅಲುಗಿತು.

ಐನೋರು ಇಷ್ಟಲಿಂಗವನ್ನು ಆತನ ಎಡಗೈಯಲ್ಲಿಟ್ಟು ಮಂತ್ರ ಹೇಳಿದರು. "ಹತ್ತಿರದೋರು ಕಡೇ ಸಲ ಮುಖ ನೋಡ್ಕಳ್ರಿ" ಎಂದರು. ಗುಣಿಯ ಸುತ್ತ ನಿಂತವರು ಆಗಲೇ ಹಿಡಿ ಮಣ್ಣು ಕೈಗೆ ತೆಗೆದುಕೊಂಡಿದ್ದರು.

ಕಸ್ತೂರಮ್ಮ ಮಂಡಿಯೂರಿದಳು. ಮುಖ ನೋಡಲಿಲ್ಲ. ಗಂಡನ ತೊಡೆಯ ಮೇಲಿನ ಹೊಸ ಬಿಳಿ ಪಂಚೆಯನ್ನು ನೋಡಿದಳು. ಗಿಡ ಅಲುಗಿದಾಗ ಉದುರಿದ ಧೂಳಿತ್ತು, ಒಣ ಎಲೆಯ ಚೂರಿತ್ತು. ಅದರ ನಡುವೆ ಒಂದು ಚುಕ್ಕಿ ಕದಲಿತು. ಅವಳು ಸೆರಗಿನ ಗಂಟು ಬಿಚ್ಚಿ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡಳು. ಕರಿ ಚುಕ್ಕಿ ಇರಲಿಲ್ಲ. ಕೆಂಪಗೆ ಹೊಳೆಯುತ್ತ, ಮಡಿಕೆಯಿಂದ ಮಡಿಕೆಗೆ ಓಡುತ್ತ, ಪಂಚೆಯ ಅಂಚು ದಾಟಿ ಹೋಯಿತು.

"ಓಡ್ತು ರೀ" ಎಂದಳು. "ನಮ್ಮೋನೇ."

ಬಸವರಾಜಪ್ಪ ಬಗ್ಗಿ ಅವಳ ಭುಜ ಮುಟ್ಟಿದ. "ಏಳವ್ವಾ. ಹೊತ್ತಾತು."

ಪಂಚೆಯ ಮೇಲೆ ಈಗ ಏನೂ ಕದಲುತ್ತಿರಲಿಲ್ಲ. ಕಸ್ತೂರಮ್ಮ ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ಇನ್ನೊಂದು ತಲೆ ಬಂದು ಆನುವಷ್ಟು ಜಾಗ ಬಿಟ್ಟು, ಹಾಗೇ ಬಗ್ಗಿಕೊಂಡಿದ್ದಳು.

"ಇರ್ರಿ" ಎಂದಳು. "ಇನ್ನೂ ಒಂದು ಐತೆ."