ಖತೀಜಾಬೀಯ ಪ್ಲೇಟುಗಳು

ಹರಿಹರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಕರೀಂ ಸಾಬ್ ತೀರಿಕೊಂಡಾಗ ಹೆಂಡತಿ ಖತೀಜಾಬೀಗೆ ಉಳಿದಿದ್ದು ಒಂದು ಗ್ರಾಮಫೋನು ಮತ್ತು ಎರಡು ಪೆಟ್ಟಿಗೆ ತುಂಬ ಹಾಡಿನ ಪ್ಲೇಟುಗಳು. ಅಷ್ಟರಲ್ಲಿ ಆಕೆಗೆ ಕಣ್ಣು ಪೂರ್ತಿ ಹೋಗಿತ್ತು. ದಾವಣಗೆರೆಯ ವಿನೋಬನಗರದಲ್ಲಿದ್ದ ತಮ್ಮ ಹಯಾತ್ ಸಾಬ್, ಪೆಟ್ಟಿಗೆಗಳ ಸಮೇತ ಅಕ್ಕನನ್ನು ತನ್ನ ಮನೆಗೆ ಕರೆತಂದ.

ಪ್ಲೇಟುಗಳನ್ನು ಆಕೆ ಬೆರಳಿನಿಂದಲೇ ಗುರುತಿಸುತ್ತಿದ್ದಳು. ಒಂದರ ಅಂಚು ಮುಕ್ಕಾಗಿತ್ತು, ಇನ್ನೊಂದರ ನಡುವಿನ ಚೀಟಿ ಎದ್ದಿತ್ತು, ಮತ್ತೊಂದು ಎತ್ತಿದರೆ ಉಳಿದವಕ್ಕಿಂತ ಭಾರ. ಮಧ್ಯಾಹ್ನ ತನಗೆ ಬೇಕಾದುದನ್ನು ತಾನೇ ಹುಡುಕಿ ಹಾಕಿಕೊಳ್ಳುವಳು. ಆ ಮನೆಯಲ್ಲಿ ಯಾರನ್ನೂ ಕೇಳದೆ ಆಕೆ ಮಾಡುತ್ತಿದ್ದ ಕೆಲಸ ಅದೊಂದೇ.

ಎಂಬತ್ಮೂರನೇ ಇಸವಿಯಲ್ಲಿ ಹಯಾತ್ ಸಾಬನ ಮಗಳ ಮದುವೆ ಗೊತ್ತಾಯಿತು. ಮನೆಯಲ್ಲಿ ಜಾಗವಿರಲಿಲ್ಲ. ಅಕ್ಕ ಹರಿಹರದ ನಾದಿನಿಯ ಮನೆಗೆ ಹೋಗಿದ್ದಾಗ ಅವನು ಹಾಡುಗಳನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿಸಿ, ಹೊಸ ಟೇಪ್ ರೆಕಾರ್ಡರ್ ತಂದು, ಗ್ರಾಮಫೋನನ್ನೂ ಪ್ಲೇಟುಗಳನ್ನೂ ಮಂಡಿಪೇಟೆಯ ಗುಜರಿಯವನಿಗೆ ಕೊಟ್ಟುಬಿಟ್ಟ. ಅಕ್ಕನಿಗೆ ಒಳ್ಳೆಯದನ್ನೇ ಮಾಡಿದೆನೆಂದು ನಂಬಿದ್ದ. ಅವಳಿಗೆ ತುಂಬ ಇಷ್ಟವಾದ ಹಾಡುಗಳನ್ನು ನೆನಪಿಟ್ಟು, ಒಂದೊಂದು ಕ್ಯಾಸೆಟ್ಟಿನ ಮೊದಲಿಗೇ ಹಾಕಿಸಿದ್ದ.

“ಒಂದು ಹಾಡೂ ಹೋಗಿಲ್ಲ ಆಪಾ, ಎಲ್ಲ ಇದರಾಗೆ ಐತೆ,” ಎಂದು ಕ್ಯಾಸೆಟ್ಟುಗಳನ್ನು ಅವಳ ಮಡಿಲಿಗಿಟ್ಟ.

ಅವಳು ಒಂದೊಂದನ್ನೇ ಸವರಿದಳು. ಎಲ್ಲ ಒಂದೇ ಅಳತೆ, ಒಂದೇ ನುಣುಪು.

“ಯಾವುದರಾಗೆ ಯಾವುದೈತೆ ಅಂತ ನನಗೆ ಹೆಂಗೆ ಗೊತ್ತಾಗಬೇಕು, ಹಯಾತ್?”

ಕೇಳಿದರೆ ಯಾರಾದರೂ ಹಾಕಿಕೊಡುತ್ತಾರೆ ಎಂದ. ಮದುವೆಯ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಕೇಳಲು ಅವಳಿಗೂ ಮನಸ್ಸು ಬರಲಿಲ್ಲ. ಮದುಮಗಳು ಮಾತ್ರ ಒಮ್ಮೆ ಸೋದರತ್ತೆಯ ಬೆರಳು ಹಿಡಿದು ಟೇಪ್ ರೆಕಾರ್ಡರಿನ ಗುಂಡಿಗಳನ್ನು ಮುಟ್ಟಿಸಿದ್ದಳು.

ಮನೆಯವರೆಲ್ಲ ಬಟ್ಟೆ ತರಲು ಹೋದ ದಿನ ಖತೀಜಾಬೀ ಒಬ್ಬಳೇ ಕೂತು ಒಂದು ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಳು. ಒಳಗೆ ಚಕ್ರ ತಿರುಗುವುದು ಅಂಗೈಗೆ ತಿಳಿಯುತ್ತಿತ್ತು, ಹಾಡು ಬರಲಿಲ್ಲ. ಬರಬಹುದೆಂದು ಕಾದಳು. ಇದು ಖಾಲಿ ಇರಬೇಕೆಂದು ಇನ್ನೊಂದು ಹಾಕಿದಳು, ಆಮೇಲೆ ಮತ್ತೊಂದು. ಹೀಗೆ ಎಲ್ಲವನ್ನೂ ಹಾಕಿ ನೋಡಿದಳು.

ಸಂಜೆ ಬಂದ ಹಯಾತ್ ಸಾಬ್ ಒಂದನ್ನು ಹಿಂದಕ್ಕೆ ಸುತ್ತಿ ಹಚ್ಚಿದ. ಅಕ್ಕನ ಕೆಮ್ಮು ಕೇಳಿತು. ಬಳಿಕ ಪಕ್ಕದ ಮನೆಯ ಚೌಡವ್ವನನ್ನು ಕೂಗಿ ಕೇಳಿದ ಅವಳದೇ ದನಿ: “ಕರೆಂಟ್ ಐತೇನು?” ಗೋಡೆಯಾಚೆಯಿಂದ ಚೌಡವ್ವ: “ಐತಲ್ಲವ್ವ.” ಮತ್ತೆ ಬರೀ ಉಸಿರು. ಅವಳು ಒತ್ತಿದ್ದು ರೆಕಾರ್ಡ್ ಮಾಡುವ ಗುಂಡಿ.

ಅವನು ನಿಲ್ಲಿಸಲು ಹೋದಾಗ, ಇರಲಿ ಎಂದು ಕೈ ತಡೆದಳು. ಉಸಿರಿನ ಸದ್ದು ಮುಗಿದು ಯಾವುದೋ ಹಾಡು ಅರ್ಧದಿಂದ ಶುರುವಾಗುವವರೆಗೂ ಕೇಳಿದಳು.

“ನನ್ನ ಕೈಯಾರೆ ಅಳಿಸಿಬಿಟ್ಟೆ,” ಎಂದಳು.

ಮರುದಿನ ಅವನು ಮಂಡಿಪೇಟೆಗೆ ಓಡಿದ. ಗ್ರಾಮಫೋನು ಇತ್ತು. ಪ್ಲೇಟುಗಳನ್ನು ಮೂಟೆ ಕಟ್ಟುವಾಗಲೇ ಒಡೆದುಹೋದವೆಂದು ಗುಜರಿಯವನು ಹೇಳಿದ. ಹಯಾತ್ ಸಾಬ್ ಮನೆಗೆ ಬಂದು ಮುಚ್ಚಿಡದೆ ತಿಳಿಸಿದ. ಅಕ್ಕ ಬೈಯಲಿಲ್ಲ.

ಮಗಳ ಮದುವೆಯಾದ ಮೇಲೆ ದಿನಾ ಸಂಜೆ ಅವನು ಅವಳ ಪಕ್ಕ ಕೂತು, ಯಾವುದು ಹಾಕಲಿ ಎಂದು ಕೇಳುತ್ತಿದ್ದ.

“ನಿನಗೆ ಬೇಕಾದ್ದು ಹಾಕಪ್ಪ,” ಎನ್ನುತ್ತಿದ್ದಳು.